ದುರುಗಪ್ಪನ ಟೋಳಿ

ದುರುಗಪ್ಪನ ಟೋಳಿಯಲ್ಲಿ ಯಾರೂ ಒಬ್ಬರೇ ಎಲ್ಲಿಗೂ ಹೋಗುವಂತಿರಲಿಲ್ಲ. ಸಂತೆಗೆ ಹೋದರೂ ಇಬ್ಬರು, ಬಯಲಕಡೆಗೆ ಹೋದರೂ ಇಬ್ಬರು. ಟೋಳಿಯ ಗಂಡಸರೆಲ್ಲ ಜೈಲು ಕಂಡು ಬಂದವರು. ಕುರಿ ಕದ್ದವರು, ನಿಜಾಮನ ಆಳಿಕೆ ಮುಗಿಯುವಾಗಿನ ಗದ್ದಲದಲ್ಲಿ ಯಾರದೋ ನೆಲದಡಿಯ ಹಗೇವಿಗೆ ಕೈಹಾಕಿ ಜೋಳ ತುಂಬಿಕೊಂಡವರು, ಏನೂ ಮಾಡದೆ ಸಿಕ್ಕಿಬಿದ್ದವರು. ಅಂಥವನು ಊರಲ್ಲಿ ಒಂಟಿಯಾಗಿದ್ದರೆ, ಒಂದು ಕೋಳಿ ಕಳೆದರೂ ಪೊಲೀಸರು ಬಂದು ನಿಲ್ಲುವುದು ಅವನ ಗುಡಿಸಲಿನ ಮುಂದೆಯೇ. ದುರುಗಪ್ಪ ಇದನ್ನು ಮೈಮೇಲೆ ಕಲಿತಿದ್ದ. ಒಮ್ಮೆ ಕುರಿ ಕದ್ದು ಒಳಗೆ ಹೋಗಿದ್ದ. ಹೊರಗೆ ಬಂದ ಮೇಲೆ, ತಾನು ಕಣ್ಣಿಂದಲೂ ನೋಡದ ಕುರಿಗಳಿಗಾಗಿ ಮತ್ತೆ ಮತ್ತೆ ಹೋಗಿ ಬಂದಿದ್ದ.

ಸಿಂಧನೂರಿನ ಕಡೆ ಕಾಲುವೆ ಅಗೆಯುವ ಕೆಲಸ ಶುರುವಾದಾಗ ಗುತ್ತೇದಾರನಿಗೆ ಎಷ್ಟು ಆಳು ಸಿಕ್ಕರೂ ಸಾಲುತ್ತಿರಲಿಲ್ಲ. ಯಾರು, ಎಲ್ಲಿಯವರು ಎಂದು ಕೇಳುತ್ತಲೂ ಇರಲಿಲ್ಲ. ದುರುಗಪ್ಪ ಲಿಂಗಸುಗೂರಿನ ಜೈಲಿನ ಬಾಗಿಲಿಗೆ ಹೋಗಿ, ಬಿಡುಗಡೆಯಾಗಿ ಬಂದವರ ಪಕ್ಕ ಕೂತು, ರೊಟ್ಟಿಯ ಗಂಟು ಬಿಚ್ಚುತ್ತಿದ್ದ. "ಊರಿಗೆ ಹೋದ್ರ ನಾಕ ದಿನಕ್ಕ ತಿರಗಿ ಇಲ್ಲೇ ಬರ್ತಿ. ನನ್ನ ಜೋಡಿ ಬಾ. ನಾವು ನಾವೇ ಇರೂಣು. ಒಬ್ಬನ ಮ್ಯಾಲೆ ಅಪವಾದ ಬಂದ್ರ ಇನ್ನೊಬ್ಬ ನಿಂತು ಹೇಳ್ತಾನ" ಎನ್ನುತ್ತಿದ್ದ. ಹಾಗೆ ಬಂದವರು ಬಳಗಾನೂರಿನಾಚೆ ಕಾಲುವೆಯ ದಂಡೆಗೆ ಗುಡಿಸಲು ಹಾಕಿಕೊಂಡು ಮಣ್ಣು ಅಗೆದರು. ಕೆಲವರು ಹೆಂಡತಿ ಮಕ್ಕಳನ್ನೂ ಕರೆಸಿಕೊಂಡರು. ಟೋಳಿ ಸೇರಿದ ಮೇಲೆ ಯಾರೂ ಮತ್ತೆ ಜೈಲಿಗೆ ಹೋಗಿರಲಿಲ್ಲ. ದುರುಗಪ್ಪನಿಗೆ ಅದೊಂದೇ ಹೆಮ್ಮೆ.

ಆ ವರ್ಷ ಸುಗ್ಗಿಯ ಹೊತ್ತಿಗೆ ಗುತ್ತೇದಾರನ ಎತ್ತಿನ ಜೋಡಿ ಹಾಡಹಗಲೇ ಕಾಣೆಯಾಯಿತು. ಮರುದಿನ ಬೆಳಿಗ್ಗೆ ಠಾಣೆಯ ಜಮಾದಾರ ಪೊಲೀಸರೊಂದಿಗೆ ಬಂದು ಗಂಡಸರನ್ನೆಲ್ಲ ಬಿಸಿಲಲ್ಲಿ ಕೂರಿಸಿದ. ಯಾರು, ಯಾವಾಗ, ಏನೂ ಕೇಳಲಿಲ್ಲ. ದುರುಗಪ್ಪನನ್ನು ಒಬ್ಬನನ್ನೇ ಜಾಲಿಗಿಡದ ನೆರಳಿಗೆ ಕರೆದು ಬೀಡಿ ಹಚ್ಚಿಕೊಂಡ.

"ನನಗೊಬ್ಬ ಬೇಕು. ಯಾರನ್ನ ಕೊಡ್ತಿ?"

"ನಮ್ಮವರು ಯಾರೂ ಮುಟ್ಟಿಲ್ರಿ ಸಾಹೇಬ್ರ. ಒಬ್ಬರಿಗೊಬ್ಬರು ಸಾಕ್ಷಿ ಅದಾರ."

"ಕಳ್ಳಗ ಕಳ್ಳ ಸಾಕ್ಷಿ" ಎಂದು ಜಮಾದಾರ ನಕ್ಕ. "ಸಂಜಿಮಟ ಟೈಂ ಐತಿ. ಇಲ್ಲಂದ್ರ ಎಲ್ಲಾರನ್ನೂ ಒಯ್ತೀನಿ, ಹೆಂಗಸರನ್ನೂ ಸುದ್ದಾ."

"ನನ್ನ ಒಯ್ರಿ."

ಜಮಾದಾರ ಹೊಗೆ ಬಿಟ್ಟು ಅವನನ್ನೇ ನೋಡಿದ. "ನಿನ್ನ ಒಯ್ದ್ರ ಇವರೆಲ್ಲ ಹತ್ತೂರಿಗೆ ಚದುರಿ ಹೋಗ್ತಾರ. ನಾ ಹತ್ತೂರು ತಿರುಗಬೇಕು. ನೀ ಎಲ್ಲಾರನ್ನೂ ಒಂದ ಕಡೆ ಕೂಡಿಸಿ ಇಟ್ಟೀದಿ. ಬಾಳ ಛಲೋ ಕೆಲಸ ಮಾಡೀದಿ. ಮಾಡ್ಕೋತ ಇರು."

ದುರುಗಪ್ಪ ಬಿಸಿಲಲ್ಲಿ ಕೂತವರನ್ನು ನೋಡಿದ. ಜಂಬಣ್ಣನಿಗೆ ಸಣ್ಣ ಮಕ್ಕಳು. ದಾವಲ್‌ಸಾಬ್‌ಗೆ ಕೆಮ್ಮು, ಒಂದು ಏಟಿಗೂ ತಾಳುವವನಲ್ಲ. ಕಣ್ಣು ಗುರುಗುಂಟಾದ ಯಂಕೋಬನ ಮೇಲೆ ನಿಂತಿತು. ಎತ್ತು ಕಳೆದ ಹೊತ್ತಿಗೆ ಯಂಕೋಬ ದುರುಗಪ್ಪನ ಜೊತೆಗೇ ಇದ್ದ. ಇಬ್ಬರೂ ಬಳಗಾನೂರಿನಲ್ಲಿ ಶಿವಶರಣಪ್ಪನ ಅಂಗಡಿಯ ಕಟ್ಟೆಯ ಮೇಲೆ ಮಂಡಕ್ಕಿ ತಿನ್ನುತ್ತ ಕೂತಿದ್ದರು. ಶಿವಶರಣಪ್ಪನೇ ಮಂಡಕ್ಕಿ ಅಳೆದು ಕೊಟ್ಟು, ಯಂಕೋಬನ ಊರಿನ ಮಳೆ ಬೆಳೆ ವಿಚಾರಿಸಿದ್ದ. ಮೂರು ಹೊತ್ತು ಲಿಂಗಪೂಜೆ ಮಾಡುವ ದೊಡ್ಡ ಮನುಷ್ಯ. ಅವನ ಮಾತನ್ನು ಯಾವ ಪೊಲೀಸನೂ ತೆಗೆದುಹಾಕುವಂತಿರಲಿಲ್ಲ. ತನ್ನನ್ನು ಬಿಟ್ಟರೆ ಇಡೀ ಟೋಳಿಯಲ್ಲಿ ಮರ್ಯಾದಸ್ಥರ ಸಾಕ್ಷಿ ಇದ್ದವನು ಯಂಕೋಬ ಒಬ್ಬನೇ. ಯಾರನ್ನಾದರೂ ಕೊಟ್ಟು ವಾಪಸು ತರಲು ಸಾಧ್ಯವಿದ್ದರೆ ಅದು ಅವನನ್ನು ಮಾತ್ರ.

"ಯಂಕೋಬ" ಎಂದ ದುರುಗಪ್ಪ.

ಹಗ್ಗ ಕಟ್ಟುವಾಗ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದ: "ಒಂದೆರಡ ದಿನ ತಡಕೋ. ಏನೂ ಒಪ್ಪಬ್ಯಾಡ. ಶಿವಶರಣಪ್ಪನೋರನ್ನ ಕರಕೊಂಡು ಬರ್ತೀನಿ."

ಯಂಕೋಬ ತಲೆಯಾಡಿಸಿದ. ದುರುಗಪ್ಪ ಹೇಳಿದ್ದನ್ನು ಅವನು ಎಂದೂ ಅನುಮಾನಿಸಿದವನಲ್ಲ.

ಶಿವಶರಣಪ್ಪ ಹಣೆಗೆ ವಿಭೂತಿ ಹಚ್ಚಿಕೊಂಡು ಬೆಲ್ಲದ ಪೆಂಟೆಗಳ ನಡುವೆ ಕೂತಿದ್ದ. ದುರುಗಪ್ಪನ ಮಾತನ್ನೆಲ್ಲ ಸಮಾಧಾನದಿಂದ ಕೇಳಿದ.

"ಅವನು ಇಲ್ಲೇ ಕುಂತಿದ್ದ, ಖರೆ ಐತಿ" ಎಂದ. "ನನ್ನ ಕಣ್ಣಾರೆ ನೋಡೀನಿ."

"ಅಷ್ಟ ಹೇಳ್ರಿ ಸಾಕು."

"ಹೆಂಗ ಹೇಳ್ಲಿ? ಗುತ್ತೇದಾರನ ಆಳುಗಳಿಗೆಲ್ಲ ಕಾಳುಕಡಿ ಹೋಗೂದು ನನ್ನ ಅಂಗಡಿಯಿಂದ. ಅವನ ಎತ್ತಿನ ಮಾತಿನಾಗ ನಾ ಅಡ್ಡ ನಿಲ್ಲಲೇನು? ಅದೂ ಜೈಲಿಗೆ ಹೋಗಿ ಬಂದವನ ಸಂಬಂಧ?" ಒಂದು ಸೇರು ಮಂಡಕ್ಕಿ ಅಳೆದು ಕಾಗದದಲ್ಲಿ ಕಟ್ಟಿದ. "ಅವನಿಗೆ ಒಯ್ದು ಕೊಡು. ಹಸದಿರಬೇಕು. ದೇವರು ನೋಡ್ತಾನ."

ದುರುಗಪ್ಪ ಕಾಲಿಗೆ ಬಿದ್ದ. ಶಿವಶರಣಪ್ಪ ಕಾಲು ಹಿಂದಕ್ಕೆಳೆದುಕೊಂಡು ಮುಂದಿನ ಗಿರಾಕಿಯನ್ನು ಕರೆದ.

ಮಂಡಕ್ಕಿ ಹಿಡಿದು ಠಾಣೆಗೆ ಹೋದರೆ, ಕಂಬಿಯ ಕಟಾಂಜನದ ಹಿಂದೆ ಯಂಕೋಬ ಗೋಡೆಗೆ ಮುಖ ಮಾಡಿ ಮಲಗಿದ್ದ. ಅಂಗಾಲು ಬಾತು ನೀಲಿಗಟ್ಟಿತ್ತು. ಅವನು ಆಗಲೇ ಎಲ್ಲವನ್ನೂ ಒಪ್ಪಿಕೊಂಡಿದ್ದ. ಎತ್ತು ಎಲ್ಲಿ ಎಂದು ಕೇಳಿದ್ದಕ್ಕೆ ಕೃಷ್ಣಾ ನದಿ ದಾಟಿಸಿ ಮಾರಿದೆ ಎಂದಿದ್ದನಂತೆ. ಆ ನದಿಯನ್ನು ಅವನು ಜನ್ಮದಲ್ಲಿ ದಾಟಿರಲಿಲ್ಲ.

"ಬಂದ್ರೇನು ಅವರು?" ಎಂದ, ಹೊರಳದೆ.

ದುರುಗಪ್ಪ ಪೊಟ್ಟಣವನ್ನು ಕಂಬಿಯೊಳಗೆ ತೂರಿಸಿ ಎದ್ದು ಬಂದ.

ಯಂಕೋಬನಿಗೆ ಶಿಕ್ಷೆಯಾಯಿತು. ಮಳೆಗಾಲ ಬರುವ ಮೊದಲೇ ಆ ಎತ್ತುಗಳು ಮಸ್ಕಿಯ ಸಂತೆಯಲ್ಲಿ ಗುತ್ತೇದಾರನ ಸೋದರಳಿಯನ ಬಂಡಿಯ ನೊಗದಲ್ಲಿ ಕಂಡವು. ಜೂಜಿನ ಸಾಲಕ್ಕೆ ಮಾರಲೆಂದು ಅವನೇ ಅವನ್ನು ಹೊಡೆದುಕೊಂಡು ಹೋಗಿದ್ದ. ಮನೆಯವರು ಮನೆಯೊಳಗೇ ಬೈದು ಮುಗಿಸಿದರು. ಯಂಕೋಬನ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಅವನ ಹೆಂಡತಿ ಆದಮ್ಮ ಗುರುಗುಂಟಾದಿಂದ ನಡೆದು ಬಂದಳು. ಊರಲ್ಲಿ ಕಳ್ಳನ ಹೆಂಡತಿಗೆ ಯಾರೂ ಕೂಲಿ ಕೊಡುತ್ತಿರಲಿಲ್ಲ. ದುರುಗಪ್ಪ ಅವಳಿಗೆ ಮಣ್ಣು ಹೊರುವ ಕೆಲಸ ಕೊಡಿಸಿದ. ಅವಳು ದಿನಾ ರೊಟ್ಟಿ ಬಡಿದು ಮೊದಲು ಅವನಿಗೇ ತಂದು ಕೊಡುತ್ತಿದ್ದಳು. ಯಾರೋ ಹೇಳಿರಬೇಕು, ಒಂದು ದಿನ ರೊಟ್ಟಿ ತರದೆ ಬರಿಗೈಯಲ್ಲಿ ಬಂದು ನಿಂತಳು.

"ಅವತ್ತು ನೀವು ಅವನ ಜೋಡಿಗೇ ಇದ್ರಿ?"

"ಇದ್ದೆ."

"ಅವನು ಮಾಡಿಲ್ಲಂತ ನಿಮಗ ಗೊತ್ತಿತ್ತು?"

"ಗೊತ್ತಿತ್ತು. ಅದಕ್ಕ ಅವನ ಹೆಸರು ಹೇಳಿದೆ ತಂಗಿ. ಬಿಡಿಸಿಕೊಂಡು ಬರ್ತೀನಿ ಅಂತ..."

ಆದಮ್ಮ ಪೂರ್ತಿ ಕೇಳದೆ ಹೊರಟುಹೋದಳು. ಆದರೆ ಟೋಳಿ ಬಿಡಲಿಲ್ಲ. ಹೋಗಲು ಅವಳಿಗೆ ಬೇರೆ ಜಾಗವಿರಲಿಲ್ಲ.

ಗಂಡಸರೂ ಬಿಡಲಿಲ್ಲ. ಅವರು ಬೈದಿದ್ದರೆ ದುರುಗಪ್ಪ ಸಹಿಸಿಕೊಳ್ಳುತ್ತಿದ್ದ. ಬದಲಿಗೆ ಅವನನ್ನು ಓಲೈಸತೊಡಗಿದರು. ಒಬ್ಬ ಅವನ ಸಲಿಕೆ ತೊಳೆದಿಟ್ಟರೆ ಇನ್ನೊಬ್ಬ ಕಾಲು ಒತ್ತಲು ಬರುತ್ತಿದ್ದ. ಒಬ್ಬನ ಮೇಲೊಬ್ಬ ಚಾಡಿ ಹೇಳುತ್ತಿದ್ದ. ಮುಂದಿನ ಸಲ ದುರುಗಪ್ಪನ ಬಾಯಿಂದ ತನ್ನ ಹೆಸರು ಬಾರದಿರಲಿ ಎಂಬುದೇ ಎಲ್ಲರ ಹರಕೆ. ಕೊನೆಗೆ ಜಂಬಣ್ಣ ಎಲ್ಲರ ಪರವಾಗಿ ಮಾತು ತೆಗೆದ.

"ಲಿಂಗಸುಗೂರಿಗೆ ಹೋಗಿ ಹೊಸಬನೊಬ್ಬನ್ನ ತಾರೋ ಅಣ್ಣ. ಹಿಂದ ಮುಂದ ಯಾರೂ ಇಲ್ಲದವನ್ನ. ಜಮಾದಾರ ಬಂದ್ರ ಕೊಡಾಕ ಒಬ್ಬ ಇರಬೇಕಲ್ಲ."

ಅವನು ತಮಾಷೆ ಮಾಡುತ್ತಿರಲಿಲ್ಲ. ಸುತ್ತ ಕೂತವರು ತಲೆ ತಗ್ಗಿಸಿಕೊಂಡು ಊಟ ಮಾಡುತ್ತಿದ್ದರು. ಯಾರೂ ಬೇಡ ಎನ್ನಲಿಲ್ಲ.

ದುರುಗಪ್ಪ ಒಬ್ಬನೇ ಹೋದ. ಜೈಲಿನಿಂದ ಅಂದು ಹೊರಬಂದವನು ಹುಸೇನಪ್ಪ ಎಂಬ ಪಾಮನಕಲ್ಲೂರಿನವನು, ಒಂದು ಕಾಲು ಎಳೆಯುತ್ತಿದ್ದ. ತಾಯಿ ತೀರಿಕೊಂಡಿದ್ದಳು, ಗುಡಿಸಲನ್ನು ಅಣ್ಣತಮ್ಮಂದಿರು ಕಿತ್ತು ಹಾಕಿದ್ದರು. ದುರುಗಪ್ಪನ ಟೋಳಿಯ ಸುದ್ದಿ ಒಳಗೇ ಕೇಳಿದ್ದನಂತೆ. ನೋಡಿದವನೇ ಕೈ ಹಿಡಿದುಕೊಂಡ.

"ನೀವು ಬರ್ತೀರಂತ ಗೊತ್ತಿತ್ತು. ನಡೀರಿ."

"ನಿನ್ನ ಕರಕೊಂಡು ಹೋಗಾಕ ಬಂದಿಲ್ಲ" ಎಂದ ದುರುಗಪ್ಪ. "ಬಸ್ಸು ಹತ್ತು. ದೂರ ಎಲ್ಲೆರ ಹೋಗು. ನಮ್ಮ ಕಡೆ ಬರಬ್ಯಾಡ."

"ನಾ ಏನ್ ತಪ್ಪ ಮಾಡೀನಿ ನಿಮಗ?"

ದುರುಗಪ್ಪ ರೊಟ್ಟಿಯ ಗಂಟನ್ನು ಅವನ ಮಡಿಲಿಗೆ ಹಾಕಿ ಕೈ ಬಿಡಿಸಿಕೊಂಡ. ಹುಸೇನಪ್ಪ ಕಾಲೆಳೆಯುತ್ತ ಬಜಾರದ ತನಕ ಬೆನ್ನು ಹತ್ತಿದ, ಬೇಡಿಕೊಂಡ, ಕೊನೆಗೆ ಮಣ್ಣು ತೂರಿ ಬೈದ. ಆ ಸಂಜೆಯೇ ಬಸ್ ನಿಲ್ದಾಣದಲ್ಲಿ ಯಾರದೋ ಗಂಟು ಹೋಯಿತೆಂದು ಅವನನ್ನು ಮತ್ತೆ ಹಿಡಿದರೆಂಬ ಸುದ್ದಿ ಒಂದು ವಾರದ ಮೇಲೆ ದುರುಗಪ್ಪನಿಗೆ ಮುಟ್ಟಿತು.

ಅಷ್ಟರಲ್ಲಿ ಗುತ್ತೇದಾರನ ಉಗ್ರಾಣದಲ್ಲಿ ಹಾರೆಗಳು ಕಳುವಾದವು. ಜಮಾದಾರ ಬಂದು ಗಂಡಸರನ್ನು ಬಿಸಿಲಿಗೆ ಕೂರಿಸುವ ಮೊದಲೇ ಜಂಬಣ್ಣ ಎದ್ದು ನಿಂತ.

"ದುರುಗಪ್ಪಂದು ಕೆಲಸ ರೀ. ಲಿಂಗಸುಗೂರಿಗೆ ಒಬ್ಬನೇ ಹೋಗಿ ಬಂದಾನ. ಜೋಡಿ ಯಾರೂ ಇದ್ದಿಲ್ಲ."

ಉಳಿದವರೂ ಒಬ್ಬೊಬ್ಬರಾಗಿ ಹೌದೆಂದರು. ದಾವಲ್‌ಸಾಬ್ ಕೆಮ್ಮಿನ ನಡುವೆ ಹೌದೆಂದ.

ದುರುಗಪ್ಪ ಜಮಾದಾರನ ಮುಖ ನೋಡಿದ. "ನಾ ಹೋದ್ರ ಇವರು ಚದುರ್ತಾರ ಅಂದಿದ್ರಿ."

"ಈಗ ಚದುರೂದಿಲ್ಲ" ಎಂದ ಜಮಾದಾರ. "ಜಂಬಣ್ಣ ನೋಡ್ಕೋತಾನ."

ಹಗ್ಗ ಕಟ್ಟಿ ದಂಡೆಯ ಮೇಲೆ ನಡೆಸಿಕೊಂಡು ಹೋಗುವಾಗ ಆದಮ್ಮ ಎದುರಾದಳು. ದುರುಗಪ್ಪ ನೀರು ಕೇಳಿದ. ಅವಳು ಬುಟ್ಟಿ ಇಳಿಸಿ, ದಂಡೆಯ ಮೇಲಿದ್ದ ಕೊಡದಿಂದ ಅವನ ಬೊಗಸೆಗೆ ನೀರು ಹನಿಸಿದಳು. ಅವನು ಕುಡಿದು ಮುಗಿಸಿದ ಮೇಲೆ ಕೇಳಿದಳು.

"ಅವನಿರೋ ಜೈಲಿಗೇ ಹಾಕ್ತಾರೇನು ನಿಮ್ಮನ್ನ?"

"ಹಾಕಬಹುದು. ಅವನಿಗೆ ಏನರ ಹೇಳಬೇಕೇನು?"

"ಏನೂ ಬ್ಯಾಡ" ಎಂದಳು ಆದಮ್ಮ. "ನಿಮ್ಮನ್ನ ನೋಡಿದ್ರ ಅವನಿಗೆ ಸಮಾಧಾನ ಆಗ್ತೈತಿ."

ಜಮಾದಾರ ಹಗ್ಗ ಜಗ್ಗಿದ. ಅವಳು ಕೊಡ ಮುಚ್ಚಿಟ್ಟು, ಬುಟ್ಟಿ ತಲೆಗೇರಿಸಿಕೊಂಡು ಮಣ್ಣು ಸುರಿಯಲು ಹೋದಳು.