ಹಿಂದಿನ ಕೋಣೆಯ ಗೋಡೆ

ಬಾಗಿಲು ತೆರೆದವನೇ ಸ್ಕೆಲ್ಟನ್ ಅವಳ ಗುರುತು ಹಿಡಿದ. ಹಿಡಿಯಲಿ ಎಂದೇ ಟ್ಯಾಮ್ಸಿನ್ ಹಳೆಯ ಹಸಿರು ಕೋಟು ಹಾಕಿಕೊಂಡು ಬಂದಿದ್ದಳು.

"ಅಯ್ಯೋ, ನೀನಾ!" ಎಂದ. "ಏಜೆಂಟ್ ಬರೀ ಹೆಸರು ಹೇಳಿದ್ದ, ನಂಗೆ ಹೊಳೀಲೇ ಇಲ್ಲ ನೋಡು. ಬಾಡಿಗೆಗಿದ್ದೋಳು ಕೊಂಡ್ಕೊಳ್ಳೋಕೆ ಬಂದ್ಯಾ? ಭಲೇ! ಹಳೇದೆಲ್ಲ ಮನಸ್ಸಲ್ಲಿ ಇಟ್ಕೊಂಡಿಲ್ಲ ತಾನೇ?"

"ಏನೂ ಇಲ್ಲ, ಮಿಸ್ಟರ್ ಸ್ಕೆಲ್ಟನ್."

"ನಿನ್ನ ಗಂಡನ ವಿಷಯ ಕೇಳ್ದೆ. ಪಾಪ, ಚಿಕ್ಕ ವಯಸ್ಸು." ಕಾಲೊರಸಿನ ಮೇಲೆ ಬೂಟು ತಿಕ್ಕಿದ. "ಬಾ ಬಾ. ನಿಂಗೇನು ತೋರಿಸೋದು? ಎಲ್ಲಾ ನೋಡಿರೋ ಮನೆ."

ನೋಡಿದ್ದೇ. ಇಂಗ್ಲೆಂಡಿನ ಹಲ್ ಊರಿನ ಈ ಸಾಲುಮನೆಯಲ್ಲಿ ಅವಳೂ ಗಂಡ ಡೀನೂ ನಾಲ್ಕು ವರ್ಷ ಬಾಡಿಗೆಗಿದ್ದರು. ಮಹಡಿಯ ಹಿಂದಿನ ಕೋಣೆಯ ಗೋಡೆ ಪ್ರತಿ ಚಳಿಗಾಲವೂ ಬೆವರುತ್ತಿತ್ತು. ಕಪ್ಪು ಬೂಸ್ಟು ದಿಂಬಿನ ಎತ್ತರಕ್ಕೆ ಏರುತ್ತಿತ್ತು. ಡೀನನಿಗೆ ಚಿಕ್ಕಂದಿನಿಂದ ಆಸ್ತಮಾ. ಮನೆಯೊಡೆಯ ಸ್ಕೆಲ್ಟನ್ ಒಂದೇ ಒಂದು ಸಲ ಬಂದು ಗೋಡೆಗೆ ಬೆರಳೊತ್ತಿ ನೋಡಿದ್ದ. "ಇದು ಗೋಡೇದಲ್ಲಮ್ಮ. ನಿಮ್ಮದೇ ಉಸಿರು. ಕಿಟಕಿ ತೆಗೆದಿಡಿ, ಕೆಟಲ್ ಕಡಿಮೆ ಕುದಿಸಿ," ಎಂದು ಹೇಳಿ, ಗೋಡೆಗೆ ಬಳಿಯುವ ಬಿಳಿ ಬಣ್ಣದ ಡಬ್ಬಿಯೊಂದನ್ನು ಮೆಟ್ಟಿಲ ಮೇಲಿಟ್ಟು ಹೋಗಿದ್ದ. ಡೀನ್ ನಗರಸಭೆಗೆ ದೂರು ಕೊಟ್ಟ. ಮರುವಾರವೇ ಮನೆ ಖಾಲಿ ಮಾಡುವಂತೆ ನೋಟಿಸು ಬಂತು. ಯಾಕೆ ಎಂದು ಡೀನ್ ಫೋನಿನಲ್ಲಿ ಕೇಳಿದ. "ಕಾರಣ ಕೊಡಬೇಕಾಗಿಲ್ಲ ಕಣಪ್ಪ. ಕಾನೂನೇ ಹಾಗಿದೆ," ಎಂದ ಸ್ಕೆಲ್ಟನ್. ಆಗ ಕಾನೂನು ಹಾಗೇ ಇತ್ತು. ಜನವರಿಯ ಹಿಮದಲ್ಲಿ ಹಾಸಿಗೆ ಹೊತ್ತುಕೊಂಡು ಡೀನನ ತಾಯಿ ಪಾಲೀನ್ ಮನೆಯ ಮುಂಗೋಣೆ ಸೇರಿದರು. ಫೆಬ್ರವರಿ ಮುಗಿಯುವ ಮೊದಲು ಡೀನ್ ಮುಗಿದಿದ್ದ.

ಡಾಕ್ಟರು ಗೋಡೆಯ ಹೆಸರು ಎತ್ತಲಿಲ್ಲ. ಟ್ಯಾಮ್ಸಿನ್ ಕೇಳಲೂ ಇಲ್ಲ. ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

"ಇದು ಮನೆಯಲ್ಲ ಕಣಮ್ಮ, ಪಿಂಚಣಿ," ಮೆಟ್ಟಿಲು ಹತ್ತುತ್ತ ಸ್ಕೆಲ್ಟನ್ ಹೇಳುತ್ತಿದ್ದ. "ಮಕ್ಕಳು ಕೈಬಿಟ್ಟಾರು, ಇಟ್ಟಿಗೆ ಕೈಬಿಡಲ್ಲ. ಇಪ್ಪತ್ತೈದು ವರ್ಷ ಸಾಲದ ಬಡ್ಡಿ ಅಷ್ಟೇ ಕಟ್ಟಿದ್ದೀನಿ, ಅದೂ ಬಾಡಿಗೇಲೇ. ಜೂನ್ ಕೊನೆಗೆ ಬ್ಯಾಂಕಿಗೆ ಅಸಲು ಬಿಸಾಕಿ, ಉಳಿದದ್ರಲ್ಲಿ ಹಾರ್ನ್‌ಸೀ ಊರಲ್ಲಿ ಒಂದು ಬಂಗಲೆ. ಅಡುಗೆಮನೇಲಿ ಪಾತ್ರೆ ತೊಳೀತಾ ನಿಂತ್ರೆ ಸಮುದ್ರ ಕಾಣುತ್ತೆ."

"ಜೂನ್ ಕೊನೆ ದಾಟಿದ್ರೆ?"

"ದಾಟಲ್ಲ. ದಾಟಿದ್ರೆ ಬ್ಯಾಂಕಿನೋರು ನನ್ನ ಚರ್ಮ ಸುಲೀತಾರೆ." ನಕ್ಕ.

ಹಿಂದಿನ ಕೋಣೆಯಲ್ಲಿ ಈಗಿನ ಬಾಡಿಗೆದಾರಳು, ಕಿಂಗಾ ಎಂಬ ಪೋಲಿಷ್ ಹೆಂಗಸು, ಮಗುವಿನ ಬಟ್ಟೆ ಮಡಚುತ್ತಿದ್ದಳು. ಹೊಸ ಬಣ್ಣದ ವಾಸನೆ ಇನ್ನೂ ಮೂಗಿಗೆ ಹೊಡೆಯುತ್ತಿತ್ತು. ಬೀರುವನ್ನು ಗೋಡೆಗೆ ಒತ್ತಿ ನಿಲ್ಲಿಸಲಾಗಿತ್ತು. ಸ್ಕೆಲ್ಟನ್ ಫೋನು ಬಂದು ಕೆಳಗಿಳಿದಾಗ ಟ್ಯಾಮ್ಸಿನ್ ಅದನ್ನು ಒಂದು ಗೇಣು ಎಳೆದಳು. ಹಿಂದೆ ಬೂಸ್ಟು ಹಾಗೇ ಇತ್ತು.

"ನೀವು ಕೊಂಡ್ರೆ ನಮ್ಮನ್ನ ಕಳಿಸ್ತೀರಾ?" ಎಂದಳು ಕಿಂಗಾ, ದನಿ ತಗ್ಗಿಸಿ.

"ಇಲ್ಲ."

"ಹಾಗಾದ್ರೆ ಇದನ್ನ ಸರಿ ಮಾಡಿಸ್ತೀರಾ?"

ತೊಟ್ಟಿಲಲ್ಲಿ ಮಗು ಕೆಮ್ಮಿತು. ಟ್ಯಾಮ್ಸಿನ್ ಬೀರುವನ್ನು ಮೊದಲಿನಂತೆ ತಳ್ಳಿದಳು.

ಕೆಳಗೆ ಬಂದು, ಕೇಳಿದಷ್ಟೂ ಬೆಲೆ ಕೊಡುತ್ತೇನೆ ಎಂದಳು. ಸ್ಕೆಲ್ಟನ್ ಆ ಸಂಜೆಯೇ ಉಳಿದ ಗಿರಾಕಿಗಳನ್ನು ಬಿಟ್ಟುಬಿಟ್ಟ.

"ಕೇಳಿದಷ್ಟೂನಾ?" ಪಾಲೀನ್ ಫೋರ್ಕ್ ಎತ್ತಿದ್ದವಳು ಹಾಗೇ ಹಿಡಿದುಕೊಂಡಳು. ಶುಕ್ರವಾರ, ಮೇಜಿನ ಮೇಲೆ ಅಂಗಡಿಯ ಮೀನು, ಕೆಂಪು ಮಸಾಲೆ ಉದುರಿಸಿದ ಚಿಪ್ಸ್. "ತಲೆ ನೆಟ್ಟಗಿದ್ಯಾ ನಿಂಗೆ? ಡೀನ್ ಸತ್ತಾಗ ಅವನ ಕಾರ್ಖಾನೆಯೋರು ಕೊಟ್ಟ ವಿಮೆ ದುಡ್ಡು ಅದು. ನಿನ್ನ ಮುಪ್ಪಿಗೆ ಇರೋದು ಅದೊಂದೇ. ಬ್ಯಾಂಕಿಗೆ ಹಾಕು ಅಂದೆ, ನೀನು ಬೇಡ ಅಂದೆ. ಸರಿ, ಮನೆ ಕೊಳ್ತೀಯಾ, ಕೊಳ್ಳು. ಬಾಡಿಗೆ ಬರದ ತಿಂಗಳೂ ಇರುತ್ತೆ, ಬಾಯ್ಲರ್ ಕೆಡುತ್ತೆ, ತೆರಿಗೆಯೋನು ಕೈ ಚಾಚ್ತಾನೆ, ಆದ್ರೂ ಎಪ್ಪತ್ತಕ್ಕೆ ಒಂದು ಸೂರಂತೂ ಇರುತ್ತೆ. ಆದ್ರೆ ಅವನ ಮನೆ? ಪೂರ್ತಿ ಬೆಲೆಗೆ?"

"ನಾನು ಕೊಳ್ಳಲ್ಲ, ಪಾಲೀನ್."

"ಮತ್ತೆ?"

ಟ್ಯಾಮ್ಸಿನ್ ಹೇಳಿದಳು. ಇಂಗ್ಲೆಂಡಿನಲ್ಲಿ ಎರಡೂ ಕಡೆಯ ವಕೀಲರು ಕರಾರುಪತ್ರ ಅದಲುಬದಲು ಮಾಡುವವರೆಗೆ ಮನೆಯ ವ್ಯಾಪಾರದಲ್ಲಿ ಯಾರೂ ಕೊಟ್ಟ ಮಾತಿಗೆ ಕಟ್ಟುಬೀಳಬೇಕಿಲ್ಲ. ಆ ಬೆಳಿಗ್ಗೆಯವರೆಗೆ ಕಾಯುವುದು. ಸ್ಕೆಲ್ಟನ್ ಪೆಟ್ಟಿಗೆ ಕಟ್ಟಲಿ, ಸಮುದ್ರದ ಕನಸು ಕಾಣಲಿ. ಆಮೇಲೆ ಬೇಡ ಎನ್ನುವುದು.

ಪಾಲೀನ್ ಬಹಳ ಹೊತ್ತು ಅಗಿದಳು.

"ಅಷ್ಟೇನಾ?" ಎಂದಳು. "ಬೇಡ ಅಂದ್ರೆ ಅವನು ಒಂದು ವಾರ ಬೈದು, ಇನ್ನೊಬ್ಬಂಗೆ ಮಾರ್ತಾನೆ. ಬ್ಯಾಂಕಿನ ಕಾಲು ಹಿಡಿದಾದ್ರೂ ಬಂಗಲೆ ಸೇರ್ತಾನೆ. ನೀನು ಮಾತ್ರ ಇಲ್ಲೇ, ಈ ಮುಂಗೋಣೆ ಸೋಫಾ ಮೇಲೆ. ಸೇಡು ಅಂದ್ರೆ ಅವನ ತಟ್ಟೆ ಒದೆಯೋದಲ್ಲ ಕಣೇ. ತಟ್ಟೇಲಿರೋದನ್ನ ನಾವು ತಿನ್ನೋದು."

"ಅಂದ್ರೆ?"

"ಬೇಡ ಅನ್ನಬೇಡ. ಕಡಿಮೆಗೆ ಕೇಳು. ಬಂಗಲೆ ಕೈಗೆ ಎಟುಕಬಾರದು, ಬ್ಯಾಂಕಿಗೆ ಮಾತ್ರ ಸಾಲಬೇಕು, ಅಷ್ಟು ಕಡಿಮೆಗೆ." ಪಾಲೀನ್ ಮೀನಿನ ಮುಳ್ಳೊಂದನ್ನು ತಟ್ಟೆಯಂಚಿಗೆ ಇಟ್ಟಳು. "ನನ್ನ ಮಗ ಕೆಮ್ಮಿದ ಗೋಡೆ ನಂಗೆ ಬೇಕು."

ಜೂನ್ ಕೊನೆಯ ವಾರ ಬಂತು. ಸ್ಕೆಲ್ಟನ್ ತಾನಿದ್ದ ಬಾಡಿಗೆಯ ಫ್ಲಾಟು ಬಿಟ್ಟುಕೊಟ್ಟಿದ್ದ, ಸೋಫಾ ಮಾರಿದ್ದ, ಸಾಮಾನಿನ ವ್ಯಾನಿಗೆ ಹೇಳಿದ್ದ. ಕರಾರಿನ ಬೆಳಿಗ್ಗೆ ಟ್ಯಾಮ್ಸಿನ್ ತನ್ನ ವಕೀಲೆಗೆ ಫೋನು ಮಾಡಿ ಹೊಸ ಬೆಲೆ ಹೇಳಿದಳು. ವಕೀಲೆ, "ಇದು ಅಷ್ಟು ಚೆನ್ನಾಗಿ ಕಾಣಲ್ಲ," ಎಂದಳು. "ಕಾಣೋದು ಬೇಡ," ಎಂದಳು ಟ್ಯಾಮ್ಸಿನ್.

ಔಷಧಿ ಅಂಗಡಿಯಲ್ಲಿ ಅವಳ ಪಾಳಿ ಶುರುವಾಗಿ ಸ್ವಲ್ಪ ಹೊತ್ತಿಗೆ ಸ್ಕೆಲ್ಟನ್ ಫೋನು ಬಂತು.

"ಏನಮ್ಮ ಇದು? ಮನುಷ್ಯರು ಮಾಡೋ ಕೆಲಸಾನಾ? ಕೈ ಕುಲುಕಿದ್ವಿ ನಾವು!"

"ಕುಲುಕಿದ್ವಿ."

"ಮನೇಲಿ ಏನು ಕೊರತೆ ಕಂಡೆ? ಒಂದು ಕಾರಣ ಹೇಳು. ಒಂದೇ ಒಂದು!"

ಟ್ಯಾಮ್ಸಿನ್ ಮಾತ್ರೆಯ ಪೊಟ್ಟಣಕ್ಕೆ ಚೀಟಿ ಅಂಟಿಸಿ, ಉಗುರಿನಿಂದ ಅದರ ಅಂಚನ್ನು ಒತ್ತಿದಳು.

"ಕಾರಣ ಕೊಡಬೇಕಾಗಿಲ್ಲ, ಮಿಸ್ಟರ್ ಸ್ಕೆಲ್ಟನ್. ಕಾನೂನೇ ಹಾಗಿದೆ."

ಅವನು ಫೋನು ಕುಕ್ಕಿದ. ಅದು ತನ್ನದೇ ಮಾತು ಎಂದು ಅವನಿಗೆ ನೆನಪಾಯಿತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಅದೊಂದು ಇವತ್ತಿಗೂ ಅವಳನ್ನು ಕೊರೆಯುತ್ತದೆ. ಊಟದ ಹೊತ್ತಿಗೆ ಅವನು ಒಪ್ಪಿದ್ದ. ಹಾರ್ನ್‌ಸೀಯ ಬಂಗಲೆ ಬೇರೆಯವರ ಪಾಲಾಯಿತು. ಸ್ಕೆಲ್ಟನ್ ವಿದರ್ನ್‌ಸೀಯಲ್ಲಿ, ಸಮುದ್ರಕ್ಕೆ ಬೆನ್ನು ಹಾಕಿ ನಿಂತ, ಗಾಲಿಯ ಮೇಲಿನ ಹಳೆಯ ಕ್ಯಾರವಾನ್ ಮನೆಯೊಂದಕ್ಕೆ ಸಾಮಾನು ಸಾಗಿಸಿದನಂತೆ. ಸುದ್ದಿ ತಂದವಳು ಪಾಲೀನ್. ಆ ದಿನ ಅವಳು ಕೇಕ್ ಮಾಡಿದಳು.

ಬೀಗದ ಕೈ ಸಿಕ್ಕ ವಾರವೇ ಟ್ಯಾಮ್ಸಿನ್ ಕೆಲಸದವನನ್ನು ಕರೆಸಿದಳು. ಗಾರೆ ಪೂರ್ತಿ ಕೆರೆಸಬೇಕು, ಹಣ ನೀರಾಗುತ್ತದೆ ಎಂದೇ ಅಂದುಕೊಂಡಿದ್ದಳು. ಅವನು ಮೊದಲು ಹಿಂದಿನ ಓಣಿಗೆ ಹೋಗಿ ಏಣಿ ಹಾಕಿದ, ಮೇಲೆ ನೋಡಿದ, ಇಳಿದ.

"ಸೂರಂಚಲ್ಲಿ ನೀರು ಹರಿಯೋ ದೋಣಿ ಬಿರುಕು ಬಿಟ್ಟಿದೆ ಅಕ್ಕ. ಮಳೆನೀರೆಲ್ಲ ಗೋಡೆ ಒಳಗೇ ಇಳೀತಿದೆ. ಹಳೇ ಬಿರುಕು, ಇಪ್ಪತ್ತು ವರ್ಷದ್ದಾದ್ರೂ ಇರಬೇಕು."

"ಸರಿ ಮಾಡೋಕೆ?"

"ಒಂದು ತುಂಡು ಬದಲಾಯಿಸಿದ್ರೆ ಆಯ್ತು. ಟೀ ಹೊತ್ತಿಗೆ ಮುಗಿಯುತ್ತೆ. ಗೋಡೆ ಆಮೇಲೆ ತಾನೇ ಒಣಗುತ್ತೆ."

ಟೀ ಹೊತ್ತಿಗೆ ಮುಗಿಯಿತು. ಟ್ಯಾಮ್ಸಿನ್ ಓಣಿಯಲ್ಲಿ ನಿಂತೇ ಇದ್ದಳು. ಕಿಂಗಾ ಹೊರಗೆ ಬಂದು ಅವಳ ಕೈಗೆ ಲೋಟ ಕೊಟ್ಟಳು. ಅವಳು ಕುಡಿಯಲಿಲ್ಲ. ಕಿತ್ತು ಹಾಕಿದ ತುಂಡು ಒಂದು ಮೊಳದಷ್ಟು ಉದ್ದವಿತ್ತು. ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಹೋಗಿ ಪಾಲೀನ್ ಮುಂದೆ ಮೇಜಿನ ಮೇಲಿಟ್ಟಳು. ಪಾಲೀನ್ ಅದನ್ನು ಮುಟ್ಟಿ ನೋಡಿದಳು. ಆ ರಾತ್ರಿ ಇಬ್ಬರೂ ಊಟ ಮಾಡಲಿಲ್ಲ.

ಬಾಡಿಗೆ ತಿಂಗಳು ತಪ್ಪದೆ ಬರುತ್ತಿತ್ತು. ಕಿಂಗಾಳ ಮಗುವಿನ ಕೆಮ್ಮು ನಿಂತಿತ್ತು. ಗೋಡೆ ಒಣಗಿತು.

ನವೆಂಬರಿನಲ್ಲಿ ಒಂದು ಸಂಜೆ ಸ್ಕೆಲ್ಟನ್ ಫೋನು ಮಾಡಿದ. ದನಿ ಇಳಿದುಹೋಗಿತ್ತು.

"ಹಳೇದು ಬಿಡಮ್ಮ. ನಿನ್ನ ಕೆಲಸದವನು ಒಳ್ಳೆಯವನು ಅಂತ ಕೇಳ್ದೆ. ಅವನ ನಂಬರ್ ಇದ್ರೆ ಕೊಡು. ಕ್ಯಾರವಾನ್ ಗೋಡೆಯಿಂದ ನೀರು ಸುರೀತಿದೆ. ಹಾಸಿಗೆಯೆಲ್ಲ ಒದ್ದೆ. ಇಲ್ಲಿ ಯಾರೂ ಬರಲ್ಲ ಅಂತಾರೆ."

ನಂಬರು ಅವಳೆದುರೇ ಇತ್ತು, ಫ್ರಿಜ್ಜಿನ ಬಾಗಿಲ ಮೇಲೆ.

"ಅದು ಗೋಡೇದಲ್ಲ, ಮಿಸ್ಟರ್ ಸ್ಕೆಲ್ಟನ್," ಎಂದಳು. "ನಿಮ್ಮದೇ ಉಸಿರು. ಕಿಟಕಿ ತೆಗೆದಿಡಿ. ಕೆಟಲ್ ಕಡಿಮೆ ಕುದಿಸಿ."

ಅವನು ಏನೋ ಹೇಳಹೋದ. ಕೆಮ್ಮು ಅಡ್ಡ ಬಂತು. ಅವಳು ಫೋನು ಇಡಲಿಲ್ಲ. ಕಣ್ಣು ಮುಚ್ಚಿ, ಆ ಕೆಮ್ಮು ಎಷ್ಟು ಆಳದಿಂದ ಬರುತ್ತಿದೆ ಎಂದು ಕೇಳಿಸಿಕೊಂಡಳು. ಕೆಮ್ಮಿನ ಆಳ ಅವಳಿಗೆ ಗೊತ್ತಿತ್ತು. ಇದು ಡೀನನ ಕೆಮ್ಮಿನಷ್ಟು ಆಳ ಇರಲಿಲ್ಲ.

ಆದರೆ ಇದಿನ್ನೂ ನವೆಂಬರು.