ಬೆಸುಗೆಯಿಲ್ಲದ ಉಂಗುರ

ನಲವತ್ತೇಳರ ಜೆರ್ಟ್ರೂಡ್ ಟೀಚರಿಗೆ ತನಗೊಂದು ಉಂಗುರ ಬೇಕೆಂಬ ಆಸೆ ಹುಟ್ಟಿದ್ದು ತಪ್ಪೇ? ಖಂಡಿತ ಅಲ್ಲ. ಆದರೆ ಮದುವೆಯಾಗದ ಹೆಂಗಸು ಆ ವಯಸ್ಸಿನಲ್ಲಿ ಚಿನ್ನ ಮಾಡಿಸಿಕೊಂಡರೆ ಕಲ್ಯಾಣಪುರದ ಜನ ಸುಮ್ಮನಿರುತ್ತಾರೆಯೇ? ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ! ಹಾಗಾಗಿ ೧೯೭೮ರ ಜೂನ್‌ನಲ್ಲಿ ಕಡಿಯಾಳಿಯ ಅಕ್ಕಸಾಲಿಗ ಚೆನ್ನಪ್ಪ ಆಚಾರಿಯವರು, "ಉಂಗುರ ಯಾರಿಗೆ ಟೀಚರೇ?" ಎಂದು ಕೇಳಿದಾಗ ಅವಳ ಬಾಯಿಂದ ಸುಳ್ಳೇ ಬಂತು.

"ಅಕ್ಕನ ಮಗಳು ಝೀಟಾಳಿಗೆ. ಬರುವ ಜನವರಿಯಲ್ಲಿ ಅವಳ ಮದುವೆ ಉಂಟು."

"ಬೆರಳಿನ ಅಳತೆ ತಂದಿದ್ದೀರಾ?"

ಅಳತೆ ಎಲ್ಲಿಂದ ಬರಬೇಕು, ಪಾಪ! ಟೀಚರ್ ಇಲ್ಲವೆಂದು ತಲೆಯಾಡಿಸಿದಳು.

"ಹಾಗಾದರೆ ಬೆಸುಗೆ ಹಾಕುವುದು ಬೇಡ," ಎಂದು ಆಚಾರಿ ಒಂದು ಮಾದರಿ ತೆಗೆದರು. ಅದರ ತುದಿಗಳು ಕೂಡಿರಲಿಲ್ಲ. ಎರಡು ಪಟ್ಟಿಗಳು ಓರೆಯಾಗಿ ಒಂದರ ಪಕ್ಕ ಒಂದು ಹಾದುಹೋಗಿದ್ದವು. "ಒತ್ತಿದರೆ ಸಣ್ಣದಾಗ್ತದೆ, ಬಿಡಿಸಿದರೆ ದೊಡ್ಡದಾಗ್ತದೆ. ಯಾರ ಬೆರಳಿಗೂ ಆಗ್ತದೆ. ನೀವೇ ಹಾಕಿ ನೋಡಿ ಮಾರಾಯ್ರೆ."

ಹಾಕಿದಳು. ಸೀಮೆಸುಣ್ಣ ಹಿಡಿದು ಒರಟಾಗಿದ್ದ ಬೆರಳು ಒಮ್ಮೆಲೇ ನೀಳವಾಗಿ ಚಂದ ಕಂಡಿತು. "ಇದೇ ಇರಲಿ," ಎಂದಳು.

ಆರು ತಿಂಗಳು ಆ ಉಂಗುರ ಬಾಗಿಲ ಅಗಳಿ ಹಾಕಿದ ಮೇಲೆಯೇ ಡಬ್ಬಿಯಿಂದ ಹೊರಬರುತ್ತಿತ್ತು. ಗಂಜಿ ಬಸಿಯುವಾಗ, ಜಪಮಾಲೆ ಹೇಳುವಾಗ ಅದು ಅವಳ ಕೈಯಲ್ಲಿರುತ್ತಿತ್ತು. ಕೈ ಮುಂದೆ ಚಾಚಿ ತಾನೇ ನೋಡಿಕೊಳ್ಳುತ್ತಿದ್ದಳು. ಚಂದ ಉಂಟು ಎನ್ನಲು ಒಂದು ನರಪಿಳ್ಳೆಯೂ ಇರಲಿಲ್ಲ.

ಡಿಸೆಂಬರಿನಲ್ಲಿ ಅಕ್ಕ ಮೇಬಲ್ ಮದುವೆಯ ಸರ ಮಾಡಿಸಲು ಅದೇ ಆಚಾರಿಯಲ್ಲಿಗೆ ಹೋಗಬೇಕೇ! ಮುಂದಿನ ಭಾನುವಾರ ಅವಳು ಮಗಳೊಡನೆ ಬೆಳ್ಮಣ್ಣಿನಿಂದ ಬಸ್ಸು ಹತ್ತಿ ಬಂದು ಬಾಗಿಲು ಬಡಿದಳು. ಟೀಚರ್ ಗಡಿಬಿಡಿಯಲ್ಲಿ ಉಂಗುರ ಕಳಚಿ ಡಬ್ಬಿಗೆ ಹಾಕಿದಳು.

"ನಮ್ಮಿಂದ ಗುಟ್ಟಾ ಜೆರ್ಟಿ? ಆಚಾರ್ರು ಎಲ್ಲ ಹೇಳಿದರು!" ಮೇಬಲ್ ತಂಗಿಯನ್ನು ತಬ್ಬಿಕೊಂಡಳು. "ನಿನಗಾದರೂ ಬೇರೆ ಯಾರಿದ್ದಾರೆ? ಎಲ್ಲ ಇವಳಿಗೇ ಅಲ್ವಾ? ಕೊಡು, ಹಾಕಿ ನೋಡಲಿ. ನಾನು ಚಹಾ ಇಡ್ತೇನೆ."

ಟೀಚರ್ ಡಬ್ಬಿ ತೆರೆದಳು. ಉಂಗುರ ಕೊಡಲು ಚಾಚಿದ ಆ ಕೈಯನ್ನೇ ಝೀಟಾ ಹಿಡಿದುಕೊಂಡಳು. ಬೆರಳಿನ ಮೇಲೆ ಎರಡು ಓರೆ ಗೆರೆಗಳು ಆಗಷ್ಟೇ ಒತ್ತಿದಂತೆ ಮೂಡಿದ್ದವು. ಹುಡುಗಿ ಗೆರೆಗಳನ್ನು ನೋಡಿದಳು, ಉಂಗುರವನ್ನು ನೋಡಿದಳು. ಅಡುಗೆಮನೆಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದಳು.

"ಮಾವ್ಶಿ, ಇದು ನಿಮ್ಮದಾ? ಹೌದಾದರೆ ಹೇಳಿ. ಅಮ್ಮನಿಗೆ ನಾನು ಎಂತಾದರೂ ಹೇಳ್ತೇನೆ. ನಿಮ್ಮ ಕೈಗೆ ಚಂದ ಕಾಣ್ತದೆ."

ಹೌದು ಎನ್ನಲು ಒಂದು ಉಸಿರು ಸಾಕಿತ್ತು.

"ನನಗೆಂತಕ್ಕೆ ಮಗಾ, ಈ ಪ್ರಾಯದಲ್ಲಿ?" ಎಂದು ಟೀಚರ್ ನಕ್ಕು, ಝೀಟಾಳ ತೆಳು ಬೆರಳಿಗೆ ತಾನೇ ಉಂಗುರ ತೊಡಿಸಿ, ಪಟ್ಟಿಗಳನ್ನು ಒತ್ತಿ ಸಣ್ಣದು ಮಾಡಿದಳು. ಊರು ಆಡೀತೆಂದು ಹೆದರಿದ್ದ ಮಾತನ್ನು, ಊರಿಗಿಂತ ಮೊದಲು ಅವಳೇ ಆಡಿದ್ದಳು.