ಹೂವಿನ ಮಾಮ

ಕಾಗದ ಮತ್ತೆ ಹರಿಯಿತು. ಅವನು ಅದನ್ನು ಮುದ್ದೆ ಮಾಡಿ ಮೇಜಿನ ಮೂಲೆಗೆ ಎಸೆದ. ಅಲ್ಲಿ ಆಗಲೇ ಕೆಂಪು, ಹಳದಿ, ನೀಲಿ ಮುದ್ದೆಗಳ ಸಣ್ಣ ಗುಡ್ಡವೇ ಬೆಳೆದಿತ್ತು. ಎದುರಿಗೆ ಕೂತಿದ್ದ ಅಕ್ಕ ನಗು ತಡೆದುಕೊಳ್ಳಲು ಹೋಗಿ ಸೋತಳು.

"ಅದು ಕಬ್ಬಿಣ ಅಲ್ಲ ಕಣೋ, ಗುದ್ದಾಡಬೇಡ. ಮೂಲೆಗೆ ಮೂಲೆ ಮುತ್ತು ಕೊಡಿಸು, ಆಮೇಲೆ ಬೆರಳಲ್ಲಿ ಮೆಲ್ಲಗೆ ಸವರು. ನಮ್ಮ ಶಿಶುವಿಹಾರದ ಪಿಳ್ಳೆಗಳೇ ನಿನಗಿಂತ ವಾಸಿ."

ಅವನದು ವೆಲ್ಡಿಂಗ್ ಕೆಲಸ. ಕಿಟಕಿಯ ಗ್ರಿಲ್ಲು, ಮನೆ ಮುಂದಿನ ಗೇಟು ಮಾಡುತ್ತಿದ್ದ. ಸುತ್ತಲಿನ ಬೀದಿಗಳ ಅರ್ಧ ಗೇಟುಗಳ ಮೇಲೆ ಅವನು ಬಗ್ಗಿಸಿದ ಬಳ್ಳಿ, ಅವನು ಅರಳಿಸಿದ ಕಬ್ಬಿಣದ ಹೂ ಇತ್ತು. ಕಿಡಿ ಹಾರಿ ಹಾರಿ ಬೆರಳ ತುದಿಗಳು ಜಡ್ಡುಗಟ್ಟಿದ್ದವು. ಕಾದ ಸರಳನ್ನು ಹೇಳಿದ ಹಾಗೆ ಕೇಳಿಸುತ್ತಿದ್ದ ಆ ಕೈಗೆ ಅಂಗೈಯಗಲದ ಕಾಗದ ಮಾತ್ರ ಬಗ್ಗಲೊಲ್ಲದು.

ಈ ವಯಸ್ಸಿನಲ್ಲಿ ಅವನು ಕಾಗದದ ಹೂ ಕಲಿಯಲು ಕೂತದ್ದು ಮಗಳಿಗಾಗಿ. ಅವಳಿಗೆ ಎರಡು ವರ್ಷ ತುಂಬುವ ಮೊದಲೇ ಅವಳ ತಾಯಿ ಅವಳನ್ನು ಎತ್ತಿಕೊಂಡು ಮನೆ ಬಿಟ್ಟಿದ್ದಳು. ಆಗ ಅವನು ಕುಡಿಯುತ್ತಿದ್ದ. ಒಂದು ಸಂಜೆ ಮಾತಿಗೆ ಮಾತು ಬೆಳೆದು ಹೆಂಡತಿಯ ಮೇಲೆ ಕೈ ಮಾಡಿದ. ಅವಳ ಕಿವಿಯಿಂದ ರಕ್ತ ಬಂತು. ಆಮೇಲೆ ಅವನು ಬಾಟಲಿ ಮುಟ್ಟಲಿಲ್ಲ ಎನ್ನುವುದು ನಿಜ, ಆದರೆ ಅದನ್ನು ನೋಡಿ ಮೆಚ್ಚಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಹೋದವಳದು ತಪ್ಪು ಎಂದು ಅವನ ಅಕ್ಕ ಕೂಡ ಒಂದು ದಿನವೂ ಹೇಳಲಿಲ್ಲ. ವಿಚ್ಛೇದನವಾಯಿತು. ಮೂರು ನಾಲ್ಕು ವರ್ಷ ಓಡಾಡಿದ ಮೇಲೆ ಕೋರ್ಟು ಶನಿವಾರ ಮಧ್ಯಾಹ್ನ ಒಂದು ಗಂಟೆ ಹೊತ್ತು ಮಗಳನ್ನು ನೋಡಬಹುದು ಎಂದಿತು, ಅದೂ ಕೋರ್ಟಿನದೇ ಕೋಣೆಯಲ್ಲಿ, ಅಲ್ಲಿಯವರ ಕಣ್ಣೆದುರಿಗೆ.

ಕೋಣೆಯ ಗೋಡೆಗೆ ಯಾರೋ ಮೊಲಗಳ ಚಿತ್ರ ಬರೆದಿದ್ದರು. ಬಣ್ಣ ಚಕ್ಕೆ ಎದ್ದು ಮೊಲಗಳ ಕಿವಿ ಉದುರಿದ್ದವು. ಒಂದು ಡಬ್ಬಿಯಲ್ಲಿ ಚಕ್ರವಿಲ್ಲದ ಲಾರಿ, ಕೂದಲಿಲ್ಲದ ಬೊಂಬೆ. ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರುವ ಮೇಡಂ ಇಡೀ ಹೊತ್ತು ಕಿತ್ತಳೆ ಸುಲಿಯುತ್ತಲೋ ಉಗುರು ನೋಡಿಕೊಳ್ಳುತ್ತಲೋ ಇರುತ್ತಿದ್ದರು. ಮೊದಲ ದಿನ ತಾಯಿ ಮಗುವನ್ನು ಒಳಗೆ ಬಿಟ್ಟು, "ಮಾಮನ ಹತ್ರ ಆಟ ಆಡ್ಕೋ ಚುಕ್ಕಿ, ನಾನು ಇಲ್ಲೇ ಹೊರಗಿರ್ತೀನಿ" ಅಂದಳು. ಮಾಮ ಎಂಬ ಮಾತು ಅವನಿಗೆ ಮುಳ್ಳಿನಂತೆ ಚುಚ್ಚಿತು. ಆದರೂ ನುಂಗಿಕೊಂಡ. ಮಗು ಹೆದರಬಾರದು, ಇಂದಲ್ಲ ನಾಳೆ ತಾನಾಗಿಯೇ ತಿಳಿಯುತ್ತದೆ ಎಂದುಕೊಂಡ. ಚುಕ್ಕಿ ಅವನು ತಂದ ಬೊಂಬೆಯನ್ನೂ ಮುಟ್ಟದೆ ಬಾಗಿಲಿಗೆ ಬೆನ್ನು ಒತ್ತಿ ನಿಂತೇ ಇದ್ದಳು. ಮರುವಾರವೂ ಅಷ್ಟೇ.

ಅದನ್ನು ಕೇಳಿ ಅಕ್ಕ ಹೇಳಿದ್ದಳು: ಮಕ್ಕಳ ಎದುರು ಮುಖ ನೋಡುತ್ತ ಕೂತರೆ ಮಾತು ಹುಟ್ಟುವುದಿಲ್ಲ, ಕೈಗೆ ಕೆಲಸ ಕೊಡು, ಬಾಯಿ ತಾನಾಗಿ ಬಿಚ್ಚುತ್ತದೆ.

ಹೀಗೆ ಶುರುವಾಯಿತು ಪಾಠ. ಟುಲಿಪ್ ಹೂ ಮಡಿಸುವುದು, ಅದಕ್ಕೆ ಕಡ್ಡಿ ಚುಚ್ಚುವುದು. ಆಮೇಲೆ ಕತ್ತರಿಯ ಹೂ. ಚೌಕವನ್ನು ತ್ರಿಕೋನ ಮಾಡಿ, ಅದನ್ನು ಮತ್ತೆ ಮತ್ತೆ ಮಡಿಸಿ, ತೆರೆದ ಕಡೆ ದುಂಡಗೆ ಕತ್ತರಿಸಿದರೆ, ಬಿಡಿಸಿದಾಗ ಇಡೀ ಹೂ. "ಬಾಯಿ ಕಡೆ ಕತ್ತರಿ ಹಾಕು, ಬೆನ್ನಿಗೆ ಹಾಕಬೇಡ" ಎಂದು ಅಕ್ಕ ತನ್ನ ಶಿಶುವಿಹಾರದ ಮಕ್ಕಳಿಗೆ ಹೇಳುವ ಧಾಟಿಯಲ್ಲೇ ಅವನಿಗೂ ಹೇಳಿದಳು. "ಮಡಿಸಿದ ಅಂಚೇ ಬೆನ್ನು. ಅದನ್ನ ಕತ್ತರಿಸಿದ್ರೆ ಹೂ ಅಲ್ಲ, ಬರೀ ಚೂರು."

ಮುಂದಿನ ಶನಿವಾರ ಅವನು ಚುಕ್ಕಿಯನ್ನು ಕರೆಯಲೂ ಇಲ್ಲ. ಕುಳ್ಳ ಮೇಜಿನ ಮುಂದೆ ನೆಲದ ಮೇಲೆ ಕೂತು ತನ್ನ ಪಾಡಿಗೆ ತಾನು ಒಂದು ಹೂ ಕತ್ತರಿಸಿ ಬಿಡಿಸಿದ. ಎರಡನೆಯದನ್ನು ಮಡಿಸುವ ಹೊತ್ತಿಗೆ ಬಾಗಿಲು ಬಿಟ್ಟು ಅವಳು ಮೇಜಿನ ಆಚೆ ಬಂದಿದ್ದಳು. ಮೂರನೆಯದನ್ನು, "ನಾನು ಬಿಡಿಸ್ತೀನಿ" ಎಂದು ಕಿತ್ತುಕೊಂಡಳು. ಮಡಿಕೆ ಮಡಿಕೆಯಾಗಿ ಬಿಡಿಸಿ, ಕೊನೆಯ ಮಡಿಕೆ ಬಿಚ್ಚುವಾಗ ಉಸಿರು ಹಿಡಿದಳು. ಅಗಲವಾದ ಹೂವನ್ನು ಮುಖಕ್ಕೆ ಅಡ್ಡ ಹಿಡಿದು ಅದರ ಎಸಳುಗಳ ಸಂದಿಯಿಂದ ಅವನನ್ನು ನೋಡಿ ನಕ್ಕಳು. ಅವನು ಆ ಸಂಜೆ ಮನೆಗೆ ನಡೆದುಕೊಂಡೇ ಹೋದ. ಬಸ್ಸು ಹತ್ತುವುದು ಮರೆತಿತ್ತು.

ಅಲ್ಲಿಂದ ಅವಳ ಬಾಯಿಗೆ ಬಿಡುವಿಲ್ಲ. ಶಾಲೆಯಲ್ಲಿ ಯಾರು ಯಾರನ್ನು ಕಚ್ಚಿದರು, ಯಾವ ಹಲ್ಲು ಅಲ್ಲಾಡುತ್ತಿದೆ, ಅಮ್ಮನಿಗೆ ಹಲ್ಲಿ ಕಂಡರೆ ಎಷ್ಟು ಭಯ, ಎಲ್ಲ ವರದಿಯಾಗುತ್ತಿತ್ತು. ಮೊಂಡು ತುದಿಯ ಪುಟ್ಟ ಕತ್ತರಿ ಅವಳ ಕೈಗೆ ಬಂತು. ನಾಲಿಗೆ ಹೊರಗೆ ಹಾಕಿಕೊಂಡು ಕತ್ತರಿಸುತ್ತಿದ್ದಳು. ಅವನಿಗೆ ಒಂದು ಹೆಸರೂ ಸಿಕ್ಕಿತು, ಹೂವಿನ ಮಾಮ. ಮಾಮ ಎಂಬುದಕ್ಕೆ ಒಂದು ಹೂ ಸೇರಿದ್ದರಿಂದ ಅದು ಈಗ ಅಷ್ಟು ಚುಚ್ಚುತ್ತಿರಲಿಲ್ಲ. ಒಂದಲ್ಲ ಒಂದು ದಿನ ಅವಳ ಬಾಯಲ್ಲಿ ಬರಬೇಕಾದ ಇನ್ನೊಂದು ಮಾತಿಗೆ ಅವನು ಕಾಯುತ್ತಿದ್ದ.

ಆ ಮಾತು ಬಂತು. ಒಂದು ಶನಿವಾರ ಅವಳು ಕೂರುವ ಮೊದಲೇ ಅಪ್ಪಣೆ ಮಾಡಿದಳು. "ಇವತ್ತು ದೊಡ್ಡ ಹೂ. ಎಲ್ಲಕ್ಕಿಂತ ದೊಡ್ಡದು. ಅಪ್ಪಂಗೆ."

ತಾಯಿ ಹೇಳಿರಬೇಕು, ಕೊನೆಗೂ ಹೇಳಿರಬೇಕು. ತಲೆ ಎತ್ತಿದರೆ ತುಂಬಿದ ಕಣ್ಣು ಕಾಣುತ್ತದೆಂದು ತಲೆ ತಗ್ಗಿಸಿಕೊಂಡೇ ಕೆಂಪು ಹಾಳೆ ಎಳೆದ.

"ಕೆಂಪು ಬೇಡ. ಅಪ್ಪಂಗೆ ನೀಲಿ ಇಷ್ಟ."

"ಯಾರು ಹೇಳಿದ್ದು?"

"ಅಪ್ಪನೇ. ಅಪ್ಪನ ಸ್ಕೂಟರೂ ನೀಲಿ. ನಾನು ಮುಂದೆ ನಿಂತ್ಕೋತೀನಿ, ಅಮ್ಮ ಹಿಂದೆ ಕೂತ್ಕೋತಾಳೆ." ಅವಳು ಆಗಲೇ ಹಾಳೆಗಳ ನಡುವೆ ನೀಲಿ ಹುಡುಕುತ್ತಿದ್ದಳು. "ನಿಂಗೆ ನಮ್ಮಪ್ಪ ಗೊತ್ತಿಲ್ಲ ಅಲ್ವಾ, ಹೂವಿನ ಮಾಮ?"

ಬಾಗಿಲ ಬಳಿ ಕಿತ್ತಳೆ ಸುಲಿಯುತ್ತಿದ್ದ ಮೇಡಂ ಕೈ ನಿಲ್ಲಿಸಿದರು. ಅವನತ್ತ ಒಮ್ಮೆ ನೋಡಿ, ಕಿಟಕಿಯತ್ತ ತಿರುಗಿದರು.

ಹಳೆಯ ಬೆಂಕಿಯೊಂದು ಎದ್ದು ಅವನ ತೋಳಿನವರೆಗೆ ಬಂತು. ಒಂದು ಕಾಲದಲ್ಲಿ ಅದು ಅಂಗೈಗೆ ಇಳಿದು ಎದುರಿಗಿದ್ದವರಿಗೆ ತಾಕುತ್ತಿತ್ತು. ಈಗ ಅವನ ಕೈ ಅಲುಗಲಿಲ್ಲ. ತಣ್ಣಗೆ ನೀಲಿ ಹಾಳೆ ತೆಗೆದುಕೊಂಡು, ಮೂಲೆಗೆ ಮೂಲೆ ಸೇರಿಸಿ, ಒಂದು ಎಳೆಯೂ ಆಚೀಚೆ ಆಗದಂತೆ ಮಡಿಸಿದ. ಅಷ್ಟು ಚೆನ್ನಾಗಿ ಅವನು ಎಂದೂ ಮಡಿಸಿರಲಿಲ್ಲ. ಅವಳ ಕೈಗೆ ಕೊಟ್ಟ. ಅವಳು ಕಲಿತ ಹಾಗೆ ಬಾಯಿಯ ಕಡೆಗೇ ಕತ್ತರಿ ಹಿಡಿದಳು. ಅವನು ಅವಳ ಬೆರಳುಗಳ ನಡುವೆ ಕಾಗದವನ್ನು ತಿರುಗಿಸಿದ.

"ಅಲ್ಲಲ್ಲ. ಇಲ್ಲಿಂದ, ಉದ್ದಕ್ಕೂ."

ಚುಕ್ಕಿ ತಡೆದಳು. "ಇದು ಬೆನ್ನು ಅಲ್ವಾ ಮಾಮ?"

"ದೊಡ್ಡ ಹೂವಿಗೆ ಹೀಗೇ."

ಅವಳು ನಂಬಿದಳು. ನಾಲಿಗೆ ಹೊರಗೆ ಹಾಕಿ, ಅಂಚಿಗುಂಟ, ಕೊನೆಯವರೆಗೂ ಕತ್ತರಿಸಿದಳು. ಉಸಿರು ಹಿಡಿದು ಬಿಡಿಸಿದಳು. ಬಿಡಿಸಲು ಏನೂ ಉಳಿದಿರಲಿಲ್ಲ. ನೀಲಿ ಚೂರುಗಳು ಅವಳ ಮಡಿಲಿಗೆ, ಅಲ್ಲಿಂದ ನೆಲಕ್ಕೆ ಬಿದ್ದವು. ಅವಳು ಅಳಲಿಲ್ಲ. ಒಂದೊಂದನ್ನೇ ಆಯ್ದು ಮೇಜಿನ ಮೇಲೆ ಅಂಚಿಗೆ ಅಂಚು ಜೋಡಿಸಿ ನೋಡಿದಳು. ಕೈ ತೆಗೆದರೆ ಸರಿಯುತ್ತಿದ್ದವು.

"ನಾನು ಹಾಳು ಮಾಡಿದೆ" ಅಂದಳು.

ಅಲ್ಲ ಎನ್ನಲು ಅವನಿಗೆ ಒಂದು ಉಸಿರಿನಷ್ಟು ಸಮಯ ಇತ್ತು. "ಪರವಾಗಿಲ್ಲ ಬಿಡು" ಅಂದ.

ಮೇಡಂ ಟೈಮ್ ಆಯಿತು ಎಂದರು. ಹೊರಗೆ ಮಗುವಿಗೆ ಚಪ್ಪಲಿ ಹಾಕಿಸಿ, ನೀರಿನ ನಲ್ಲಿಯ ಕಡೆಗೆ ಕಳಿಸಿ, ಅವನ ಹೆಂಡತಿಯಾಗಿದ್ದವಳು ಮೊದಲ ಸಲ ಅವನ ಹತ್ತಿರ ಬಂದು ನಿಂತಳು. ಮಗು ಹೇಳಿರಬೇಕೆಂದು ಅವಳಿಗೆ ಅವನ ಮುಖದಲ್ಲೇ ತಿಳಿದಿತ್ತು. ತಾನು ಮತ್ತೆ ಮದುವೆಯಾದದ್ದನ್ನು ಹೇಳಿದಳು. ಅವರನ್ನು ಅಪ್ಪ ಎಂದು ಕರೆ ಎಂದು ಯಾರೂ ಹೇಳಿಕೊಟ್ಟದ್ದಲ್ಲ, ತಾನಾಗಿಯೇ ಕರೆಯಿತು, ಬಿಡಿಸಲು ಮನಸ್ಸಾಗಲಿಲ್ಲ ಎಂದಳು. ಅವನ ವಿಷಯ ಸ್ವಲ್ಪ ದೊಡ್ಡವಳಾದ ಮೇಲೆ ಹೇಳೋಣವೆಂದಿದ್ದಳಂತೆ. ಅವನು ಗೋಡೆ ನೋಡುತ್ತ ನಿಂತಿದ್ದ. ಹೊರಟವಳು ತಿರುಗಿ, "ನಿಮ್ಮನ್ನ ಕಂಡ್ರೆ ಅವಳಿಗೆ ಜೀವ. ಶನಿವಾರ ಯಾವತ್ತು, ಶನಿವಾರ ಯಾವತ್ತು ಅಂತ ವಾರ ಪೂರ್ತಿ ಪ್ರಾಣ ತಿಂತಾಳೆ" ಅಂದಳು. ಅವನನ್ನು ಸಮಾಧಾನ ಮಾಡಲೆಂದೇ ಹೇಳಿದ್ದಳು.

ಹೇಗಾಯಿತು ಎಂದು ಅಕ್ಕ ಕೇಳಿದಾಗ ಚೆನ್ನಾಗಾಯಿತು ಎಂದ. ವಾರವಿಡೀ ಬೆಸುಗೆಯ ಬೆಳಕಿನ ಹಿಂದೆ ಒಂದೇ ಮಾತನ್ನು ಉರು ಹೊಡೆದ: ತಪ್ಪು ನಿಂದಲ್ಲ ಪುಟ್ಟಾ, ನಾನೇ ತಪ್ಪು ಹೇಳಿಕೊಟ್ಟೆ. ಸುಲಭದ ಮಾತು. ಆದರೆ ಯಾಕೆ ಎಂದು ಅವಳು ಕೇಳುತ್ತಾಳೆ, ಅವಳು ಎಲ್ಲಕ್ಕೂ ಯಾಕೆ ಎಂದು ಕೇಳುವವಳು.

ಶನಿವಾರ ಚುಕ್ಕಿ ಓಡಿಬಂದು ಎಂದಿನ ಜಾಗದಲ್ಲಿ ಕೂತಳು. ಅಲ್ಲಾಡುತ್ತಿದ್ದ ಹಲ್ಲು ಬಿದ್ದಿತ್ತು. ಬಾಯಿ ಅಗಲಿಸಿ ತೋರಿಸಿದಳು. ಅವನು ಹೊಸ ನೀಲಿ ಹಾಳೆ ಮಡಿಸಿ, ಕತ್ತರಿಯ ಜೊತೆ ಅವಳ ಮುಂದೆ ಇಟ್ಟ. ಅವಳು ಎರಡನ್ನೂ ಮೆಲ್ಲಗೆ ಅವನ ಕಡೆಗೆ ತಳ್ಳಿದಳು.

"ನೀನೇ ಮಾಡು ಮಾಮ. ನನ್ ಕೈ ಸರಿ ಇಲ್ಲ."

"ಯಾರು ಹಾಗಂದಿದ್ದು?"

"ಯಾರೂ ಇಲ್ಲ. ನಂಗೇ ಗೊತ್ತು."

ಉರು ಹೊಡೆದ ಮಾತು ಅವನ ಹಲ್ಲಿನವರೆಗೆ ಬಂತು. ಬಾಗಿಲ ಬಳಿ ಮೇಡಂ ಉಗುರು ನೋಡಿಕೊಳ್ಳುತ್ತಿದ್ದರು. ಅವನು ಕತ್ತರಿ ಎತ್ತಿಕೊಂಡ. ಚುಕ್ಕಿ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿ, ಅವುಗಳ ಮೇಲೆ ಭದ್ರವಾಗಿ ಕೂತು, ಅವನ ಬೆರಳುಗಳನ್ನೇ ನೋಡತೊಡಗಿದಳು.